ಲೋಕಲ್ ಎಂಬ ಮಾತು ನಮ್ಮ ವಠಾರಕ್ಕೆ ಬಂದದ್ದು

ಒಣಗಿದ ಕೊಳಾಯಿಗೆ ನೀರು ಮರಳುವ ಮುಂಚೆ ಅದರ ವಾಸನೆ ಬರುತ್ತದೆ. ಮೊದಲು ತುಕ್ಕಿನದು, ಕಾದ ರಬ್ಬರಿನದು, ಆಮೇಲೆ ಯಾವತ್ತೂ ಬಿಸಿಲು ಕಾಣದ ಮಣ್ಣಿನದು. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಮುದುಕರ ಹಾಗೆ ಕೆಮ್ಮುತ್ತದೆ, ಒಂದು ಬಾಯಿ ಕೆಂಪು ನೀರು ಉಗುಳುತ್ತದೆ, ಗಂಟಲು ಸರಿಮಾಡಿಕೊಂಡು ಹರಿಯತೊಡಗುತ್ತದೆ. ಸಿಂಗಸಂದ್ರದ ನನ್ನ ಬಾಡಿಗೆ ಮನೆಯಲ್ಲಿ ಟ್ಯಾಂಕು ತೊಳೆಸಿದ ಮರುದಿನ ಬೆಳಿಗ್ಗೆ ಈ ವಾಸನೆ ಏಳುತ್ತದೆ. ಬ್ರಷ್ಷಿಗೆ ಪೇಸ್ಟು ಹಾಕಿಕೊಂಡವನು ಹಾಗೇ ನಿಂತುಬಿಡುತ್ತೇನೆ. ಯಾರೋ ಕೂಗಬೇಕಿತ್ತಲ್ಲ, ಇನ್ನೂ ಯಾಕೆ ಕೂಗಲಿಲ್ಲ ಎಂದು ಕಿವಿ ಕಾಯುತ್ತದೆ. ನಿಮಗೂ ಇಂಥದೊಂದು ಇದ್ದೀತು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ಅವರ ದನಿಗಾಗಿ ಕಾಯುವ ಕಿವಿಯೊಂದು ಮಾತ್ರ ಹೋಗಲು ಮರೆತು ಇಲ್ಲೇ ಉಳಿದಿರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ಮಂಗ ನಾನೇ. ನಮ್ಮ ಸುಜಾತತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅವರು ಚಪ್ಪಾಳೆ ತಟ್ಟಿದರಲ್ಲ ಎಂಬ ಕೊಬ್ಬಿನಲ್ಲಿ ಅಜ್ಜಿಯ ದನಿ ತೆಗೆದು ಕೂಗಿ, ಇಡೀ ವಠಾರವನ್ನು ಖಾಲಿ ಬಿಂದಿಗೆಗಳ ಸಮೇತ ಹಿತ್ತಲಿಗೆ ಇಳಿಸಿದವನು ನಾನು. ಆಗ ನನಗೆ ಹನ್ನೊಂದೋ ಹನ್ನೆರಡೋ. ಮೀಸೆ ಬಂದಿರಲಿಲ್ಲ, ಬುದ್ಧಿ ಬಂದಿರಲಿಲ್ಲ. ಮೀಸೆ ಆಮೇಲೆ ಬಂತು. ಇಷ್ಟು ಒಪ್ಪಿಕೊಂಡಿರುವುದರಿಂದ ಇನ್ನು ಉಳಿದವರನ್ನು ಆಡಿಕೊಳ್ಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ನಮ್ಮ ಮನೆ ಹೆಬ್ಬಗೋಡಿಯಲ್ಲಿತ್ತು. ಹೊಸೂರು ರಸ್ತೆಯ ನೆತ್ತಿಯ ಮೇಲೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಮುಂದೆ ತಾತನ ಕಾಲದ ಹೆಂಚಿನ ಮನೆ, ಕೂತು ಕೂತು ನುಣುಪಾದ ಕೆಂಪು ಗಾರೆಯ ಜಗಲಿ, ಪಕ್ಕದಲ್ಲಿ ಒಂದೇ ಒಂದು ಹಸು ಉಳಿದಿದ್ದ ಕೊಟ್ಟಿಗೆ. ಹಿಂದೆ, ರಾಗಿ ಮತ್ತು ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ, ಅಪ್ಪ ಕಟ್ಟಿಸಿದ ಶೀಟಿನ ರೂಮುಗಳ ಎರಡು ಸಾಲು. ಎರಡು ಸಾಲಿನ ನಡುವಿನ ಹಿತ್ತಲಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ನಲ್ಲಿ. ಆ ರೂಮುಗಳಲ್ಲಿ ಬಿಜಾಪುರದವರಿದ್ದರು, ರಾಯಚೂರಿನವರಿದ್ದರು, ಒರಿಸ್ಸಾದ ಹುಡುಗರಿದ್ದರು, ಧರ್ಮಪುರಿಯ ಒಬ್ಬ ವೆಲ್ಡರ್ ಇದ್ದ. ಬೆಳಗಾದರೆ ಒಂದು ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಕಡೆಯಿಂದ ಸಾಸಿವೆ ಎಣ್ಣೆಯ ಘಾಟು, ಮಧ್ಯದಲ್ಲಿ ನಮ್ಮ ಸಗಣಿಯ ವಾಸನೆ, ಮೇಲೆ ಫ್ಯಾಕ್ಟರಿಗಳ ಕಡೆಯಿಂದ ಬರುವ ಔಷಧಿಯಂಥ ಗಾಳಿ. ಇವೆಲ್ಲ ಸೇರಿ ಆಗುತ್ತಿದ್ದ ವಾಸನೆಗೆ ನಾನು ಹೆಸರಿಡಲಾರೆ. ಈಗ ಅದನ್ನು ಎಲ್ಲಿಯೂ ಹುಡುಕಲಾರೆ.

ಆ ನಲ್ಲಿಯ ಯಜಮಾನಿಕೆ ನನ್ನ ಅಜ್ಜಿ ಪಿಳ್ಳಮ್ಮನದು. ಬೆಳಗಿನ ಜಾವ ಕರೆಂಟು ಬಂದು ಬೋರ್‌ವೆಲ್ಲಿನ ಮೋಟರ್ ಗೊರಗೊರ ಎಂದ ಕೂಡಲೇ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಒಂದು ನಲ್ಲಿಗೆ ಅಷ್ಟೊಂದು ಮನೆ. ಸರದಿ ತಪ್ಪಿದರೆ ಜಗಳ. ಆದ್ದರಿಂದ ಅವಳು ಕರೆದವರು ಮಾತ್ರ ಬರಬೇಕು, ಕರೆದಾಗ ಬರಬೇಕು. ಯಾರ ಹೆಸರೂ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ರೂಮು ಕೇಳಿಕೊಂಡು ಬಂದವರಿಗೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ “ಯಾವ ಕಂಪನಿ?” ಅಜ್ಜಿಯದು “ಯಾವೂರು?” ಆಮೇಲೆ ಅವರು ರೂಮು ಬಿಡುವ ತನಕ ಆ ಊರೇ ಅವರ ಹೆಸರು.

“ನೀರ್ ಬಂತ್ರೋ... ನೀರ್ ಬಂತು! ಏಯ್ ಬಿಜಾಪುರದೋಳೇ, ಬಾರೇ ಮೊದ್ಲು, ಮಗೀಗೆ ನೀರ್ ಕಾಯಿಸ್ಬೇಕು ನೀನು. ಲೋ ರಾಯಚೂರು, ತಿಕದ ಮ್ಯಾಲೆ ಬಿಸ್ಲು ಬಿದ್ರೂ ಏಳಾಕಿಲ್ವೇನ್ಲಾ? ಒರಿಸ್ಸಾ! ಒಂದ್ ಬಿಂದ್ಗೆ ಅಂದ್ರೆ ಒಂದೇ ಬಿಂದ್ಗೆ, ಕಳ್ ನನ್ ಮಗ್ನೆ!”

ಈ ದನಿ ಎರಡು ಬೀದಿ ದಾಟಿ ಹೊಸೂರು ರಸ್ತೆಯ ಬಸ್‌ಸ್ಟಾಪಿಗೆ ಕೇಳುತ್ತಿತ್ತು. ಒರಿಸ್ಸಾದ ಹುಡುಗರಿಗೆ ಕನ್ನಡ ಬಾರದು, ಆದರೆ ಅವರು ಇದನ್ನು ಕೇಳಿ ಹಲ್ಲು ಕಿಸಿದುಕೊಂಡು ಓಡಿ ಬರುತ್ತಿದ್ದರು. ಬೈಗುಳ ಹೊತ್ತುಕೊಂಡು ಬಂದವರು ನೀರು ಹೊತ್ತುಕೊಂಡು ಹೋಗುತ್ತಿದ್ದರು. ಯಾರಿಗೂ ಬೇಜಾರಾದದ್ದು ನಾನು ನೋಡಲಿಲ್ಲ.

ನನಗೋ ಎಲ್ಲರ ದನಿ ತೆಗೆಯುವ ಹುಚ್ಚು. ಕಂಡಕ್ಟರನದು, ಕುಕ್ಕರಿನದು, ಮೋಟರಿನದು, ಅಪ್ಪ ಬಾಡಿಗೆ ಮಾತಾಡುವಾಗ ಫೋನಿನಲ್ಲಿ ಬಿಡುತ್ತಿದ್ದ ಇಂಗ್ಲಿಷಿನದು, ಹೆಡ್ ಮಿಸ್ ಮುಂದೆ ನಿಂತಾಗ ನಡುಗುವ ನನ್ನದೇ ದನಿಯದು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅಜ್ಜಿಯದು. ನನ್ನ ಮೀಸೆಯಿಲ್ಲದ ಗಂಟಲು ಅವಳ ದನಿಯ ಎತ್ತರಕ್ಕೆ ಸರಿಯಾಗಿ ಸಿಗುತ್ತಿತ್ತು. ಅವಳೇ ಒಮ್ಮೆ ಕೊಟ್ಟಿಗೆಯಲ್ಲಿ ಬಗ್ಗಿದ್ದವಳು ನನ್ನ ಕೂಗು ಕೇಳಿ, “ನಾನಿಲ್ಲಿದ್ರೆ ಅಲ್ಲ್ಯಾರ್ಲಾ ನಾನು?” ಎಂದು ಎದ್ದು ಬಂದಿದ್ದಳು.

ಈಗ ಆ ಮಾತಿನ ವಿಷಯಕ್ಕೆ ಬರುತ್ತೇನೆ. ‘ಲೋಕಲ್’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ, ಹೆಮ್ಮೆಯಾಗಿ. ಫ್ಯಾಕ್ಟರಿಗಳಿಗೆ ಜಮೀನು ಕೊಟ್ಟವರ ಮಕ್ಕಳಿಗೆ ಕೆಲಸ ಕೊಡಿ ಎಂದು ಗೇಟಿನ ಮುಂದೆ ನಿಂತು ಬಂದ ದಿನ ಅಪ್ಪ ಎದೆಯುಬ್ಬಿಸಿ, “ನಾವು ಲೋಕಲ್ಸ್ ಕಣೋ, ನಮ್ಮನ್ನ ಬಿಟ್ಟು ಹೆಂಗ್ ಮಾಡ್ತಾರೆ ನೋಡೋಣ” ಎಂದಿದ್ದ. ಆಗ ಅದು ಜಮೀನಿನ ಪಹಣಿಯ ಹಾಗೆ ಗಟ್ಟಿಯಾದ ಮಾತು ಅನ್ನಿಸಿತ್ತು. ಆಮೇಲೆ ಅದನ್ನು ಕೇಳಿದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಸ್ವಿಚ್ಚು ತರಲು ಹೋದವನ ಮುಂದೆ ಅಂಗಡಿಯವನು ಎರಡು ಸ್ವಿಚ್ಚು ಇಟ್ಟು, “ಇದು ಕಂಪನಿದು, ಇದು ಲೋಕಲ್. ಆಮೇಲೆ ಬಂದು ನನ್ನ ಬೈಬೇಡಿ” ಎಂದ. ಎರಡೂ ಬೆಳ್ಳಗಿದ್ದವು. ಒಂದು ಬಾಳುತ್ತದೆ, ಒಂದು ಸುಡುತ್ತದೆ ಎಂದು ಅವನ ಮುಖ ಹೇಳುತ್ತಿತ್ತು. ಮೂರನೆಯ ಸಲ ಶಾಲೆಯಲ್ಲಿ. ಅಪ್ಪ ನನ್ನನ್ನು ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಇಂಗ್ಲಿಷ್ ಶಾಲೆಗೆ ಹಾಕಿದ್ದ. ಊಟದ ಡಬ್ಬಿಯಲ್ಲಿ ಮುದ್ದೆ ಮುರಿದು ಉಪ್ಪೆಸರಲ್ಲಿ ಅದ್ದುತ್ತಿದ್ದೆ. ಪಕ್ಕದ ಬೆಂಚಿನ ಹುಡುಗಿ ಮೂಗು ಮುರಿದು, “ಯಾಕೋ ಇಷ್ಟು ಲೋಕಲ್ ಥರ ತಿಂತೀಯಾ?” ಎಂದಳು. ಅಂಗಡಿಯ ಸ್ವಿಚ್ಚು ನೆನಪಾಯಿತು.

ಕನ್ನಡದ ಮೇಷ್ಟ್ರು ಇದನ್ನೇ ಇನ್ನೊಂದು ಮಾತಿನಲ್ಲಿ ಹೇಳುತ್ತಿದ್ದರು. ನಾನು ‘ಇಂಗೆ’ ಎಂದರೆ, “ಗ್ರಾಮ್ಯ! ಅದು ಗ್ರಾಮ್ಯ ಕಣಯ್ಯಾ, ‘ಹೀಗೆ’ ಅನ್ನು” ಎನ್ನುತ್ತಿದ್ದರು. ಗ್ರಾಮ್ಯ ಅಂದರೆ ಏನು ಸಾರ್ ಎಂದು ಕೇಳಿದೆ. ಗ್ರಾಮದ್ದು, ಒರಟು, ಸಂಸ್ಕಾರ ಇಲ್ಲದ್ದು ಎಂದರು. ನಾನು ಸುಮ್ಮನಿರಲಾರದೆ, “ಸಾರ್, ನಮ್ಮೂರು ಇನ್ನೂ ಗ್ರಾಮ ಪಂಚಾಯ್ತಿನೇ. ಅದು ನಗರ ಆದ್ಮೇಲೆ ‘ಇಂಗೆ’ ಅನ್ಬೋದಾ?” ಎಂದೆ. ಕ್ಲಾಸು ನಕ್ಕಿತು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ಊರು ನಗರ ಆಗ್ಬೋದು. ನಿನ್ನ ಬಾಯಿ ಪಂಚಾಯ್ತಿ ಲಿಮಿಟ್ ದಾಟೋದಿಲ್ಲ” ಎಂದರು. ಅವರ ಆ ದನಿಯನ್ನೂ ಆಮೇಲೆ ಬಹಳ ದಿನ ತೆಗೆದು ತೋರಿಸಿದೆ.

ದೊಡ್ಡವನಾದ ಮೇಲೆ ನಿಘಂಟು ತೆರೆದು ನೋಡಿದ್ದೇನೆ. ಹಳೆಯ ಕನ್ನಡದಲ್ಲಿ ‘ಗಾವಿಲ’ ಎಂದೊಂದು ಮಾತಿದೆ. ಹಳ್ಳಿಯವನು ಎಂದೂ ದಡ್ಡ ಎಂದೂ ಅದಕ್ಕೆ ಅರ್ಥ. ಅದರ ಬೇರೂ ಗ್ರಾಮವೇ ಇರಬೇಕು. ಇನ್ನೊಂದು ಕಡೆ ನಗರದಲ್ಲಿದ್ದವನು ಅಷ್ಟರಿಂದಲೇ ‘ನಾಗರಿಕ’ ಆಗಿಬಿಡುತ್ತಾನೆ. ಯಾವ ಕಾಲದಲ್ಲಿ ನೋಡಿದರೂ, ಎಲ್ಲಿಯೂ ಹೋಗದೆ ಇದ್ದಲ್ಲೇ ಇದ್ದವನಿಗೆ ಆಮೇಲೆ ಬಂದವರು ಇಟ್ಟ ಹೆಸರು ನಿಧಾನವಾಗಿ ಬೈಗುಳವಾಗಿದೆ. ಅವನು ಮಾಡಿದ ತಪ್ಪೆಂದರೆ ಮೊದಲೇ ಇದ್ದದ್ದು. ನಮ್ಮ ಬೀದಿಯ ಕೋಳಿ ಅಂಗಡಿಯ ಬೋರ್ಡು ಮಾತ್ರ ಈ ನಿಯಮಕ್ಕೆ ಒಗ್ಗುತ್ತಿರಲಿಲ್ಲ. ಅಲ್ಲಿ ಕೋಳಿ ನಾಟಿಯಾದರೆ ರೇಟು ಜಾಸ್ತಿ. ಮನುಷ್ಯ ನಾಟಿಯಾದರೆ ಮಾತ್ರ ಕಮ್ಮಿ.

ಶಾಲೆಯಲ್ಲಿ, ಅಂಗಡಿಯಲ್ಲಿ ಕೇಳಿದ್ದ ಅರ್ಥದಲ್ಲಿ ಆ ಮಾತು ಮನೆಯೊಳಗೆ ಕಾಲಿಟ್ಟದ್ದು ಸುಜಾತತ್ತೆಯ ಬಾಯಿಂದ. ಅತ್ತೆ ಅಪ್ಪನ ಕೊನೆಯ ತಂಗಿ. ಬಿ.ಕಾಂ ಮುಗಿಸಿ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದಳು. ನನಗೆ ಹದಿನೈದು ದಿನಕ್ಕೊಮ್ಮೆ ಐಸ್‌ಕ್ರೀಮು ಕೊಡಿಸುತ್ತಿದ್ದ ಕಾರಣ ಅವಳ ದನಿಯನ್ನು ಅವಳೆದುರು ಮಾತ್ರ ತೆಗೆಯುತ್ತಿದ್ದೆ. ಅವಳು ತನ್ನ ಮಾತನ್ನು ತಾನೇ ತಿದ್ದಿಕೊಂಡವಳು. ಕಂಪನಿಯ ಬಸ್ಸಿನಲ್ಲಿ ಕೂತು ಕೂತು ‘ಅಂಗೆ’ ಹೋಗಿ ‘ಹಾಗೆ’ ಬಂದಿತ್ತು. ‘ಆಲು’ ಹೋಗಿ ‘ಹಾಲು’ ಬಂದಿತ್ತು. ಒಮ್ಮೊಮ್ಮೆ ಹೆದರಿಕೆಯಲ್ಲಿ ‘ಎಲೆ’ಗೂ ಒಂದು ‘ಹ’ ಅಂಟಿಸಿ ‘ಹೆಲೆ’ ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅದೇ ಬಸ್ಸಿನಲ್ಲಿ ರಘು ಬರುತ್ತಿದ್ದ. ಸ್ಟೋರ್ಸ್‌ನಲ್ಲಿ ಕೆಲಸ, ಸಿಟಿಯ ಒಳಗಿನ ಹಳೆಯ ಬಡಾವಣೆಯಲ್ಲಿ ಮನೆ, ಯಾರೊಡನೆಯೂ ದನಿ ಎತ್ತದ ಸಣ್ಣ ನಗುವಿನ ಮನುಷ್ಯ. ಅವರಿಬ್ಬರೂ ಇಷ್ಟಪಟ್ಟಿದ್ದರು. ಅತ್ತೆ ಕೊಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಮಾತಾಡುವಾಗ ಅವಳ ದನಿ ಬೆಣ್ಣೆಯಾಗುತ್ತಿದ್ದುದನ್ನು ನಾನು ಕೇಳಿದ್ದೆ. ಆದರೆ ರಘುವಿನ ತಾಯಿ ಒಪ್ಪಬೇಕಿತ್ತು. ಅವರು ಹೂಂ ಎಂದರೆ ಮದುವೆ, ಇಲ್ಲದಿದ್ದರೆ ಇಲ್ಲ, ಯಾಕೆಂದರೆ ರಘು ತಾಯಿಯ ಮಾತು ಮೀರುವ ಪೈಕಿ ಅಲ್ಲ. ಎಲ್ಲವೂ ಹಿರಿಯರೇ ನೋಡಿದ ಸಂಬಂಧದ ಹಾಗೆ ನಡೆಯಲಿ ಎಂದು ಅಪ್ಪ ಒಂದು ಭಾನುವಾರ ಗೊತ್ತು ಮಾಡಿದ.

ಹಿಂದಿನ ಸಂಜೆ ಅತ್ತೆ ಜಗಲಿಯ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ತುಂಬ ಹೊತ್ತು ಬಿಡಿಸುತ್ತಾ, ಕೊನೆಗೆ ಹೇಳಿದಳು. “ಅವ್ವಾ, ನಾಳೆ ಒಂದ್ ದಿವಸ ನೀನು ಒಳಗೇ ಇದ್ಬಿಡು. ಮಾತಾಡ್ಬೇಡ. ಅವ್ರು ಸಿಟಿಯೋರು. ನಿನ್ನ ಮಾತು ಸ್ವಲ್ಪ... ಲೋಕಲ್.”

“ಅಂಗಂದ್ರೆ?” ಅಂದಳು ಅಜ್ಜಿ.

ಅತ್ತೆ ಸಿಪ್ಪೆ ನೋಡುತ್ತಾ ಕೂತಳು. ಎಲ್ಲದಕ್ಕೂ ಬಾಯಿ ಹಾಕುವ ನಾನು ಹಾಕಿದೆ. “ಅಂದ್ರೆ ಇಲ್ಲಿಯೋರು ಅಂತ ಅಜ್ಜಿ.”

ಅಜ್ಜಿಗೆ ಆಶ್ಚರ್ಯವಾಯಿತು. “ಇಲ್ಲಿಯೋಳು ಅಂತಾನಾ? ಅಲ್ಲಾ ಕಣೇ, ಸರ್ಜಾಪುರದ ಕಡೆಯಿಂದ ನಾನು ಈ ಮನೆಗೆ ಬಂದಾಗ ನಮ್ಮತ್ತೆ ಸಾಯೋಗಂಟ ನನ್ನ ‘ಆ ಊರೋಳು, ಆ ಊರೋಳು’ ಅಂತ್ಲೇ ಕೂಗ್ತಿದ್ಳು. ಇಲ್ಲಿಯೋಳು ಅನ್ನಿಸ್ಕಳಾಕೆ ನಂಗೆ ಇಷ್ಟ್ ವರ್ಸ ಬೇಕಾಯ್ತು. ಈಗ ಇಲ್ಲಿಯೋಳು ಅಂತಾನೇ ಬಾಯ್ ಮುಚ್ಕೋ ಅಂತೀಯಲ್ಲೇ.” ಬೈಯುವ ಹಾಗಿರಲಿಲ್ಲ ಅದು, ನಿಜವಾಗಿ ಕೇಳುವ ಹಾಗಿತ್ತು. ಅತ್ತೆಯ ಕಣ್ಣು ನೋಡಿ ತಾನೇ ಸೋತಳು. “ಆಯ್ತು ಬಿಡು, ನಾಳೀಕೆ ಬಾಯ್ಗೆ ಬೀಗ ಆಕ್ಕಂಡಿರ್ತೀನಿ. ಮದ್ವೆ ದಿವ್ಸ ಬಿಚ್ಬೋದಾ, ಅದ್ನೂ ಕೇಳ್ಕಂಬಾ ನಿಮ್ಮ ಅತ್ತೇನ.”

ಆ ವಾರವೇ ಮೋಟರ್ ಸುಟ್ಟುಹೋಗಿತ್ತು. ಕಾಯಿಲ್ ಸುತ್ತಿಸಲು ಬೊಮ್ಮಸಂದ್ರದ ಅಂಗಡಿಗೆ ಕೊಟ್ಟಿದ್ದರು. ರೂಮಿನವರು ಪಕ್ಕದ ಬೀದಿಯಿಂದ, ಸೈಕಲ್ಲಿನ ಎರಡು ಕಡೆ ಬಿಂದಿಗೆ ಕಟ್ಟಿಕೊಂಡು ನೀರು ತರುತ್ತಿದ್ದರು. ಭಾನುವಾರ ಮಧ್ಯಾಹ್ನ ಮೋಟರನ್ನು ಬೋರ್‌ವೆಲ್ಲಿಗೆ ಇಳಿಸಿ, ಸಂಜೆಯ ಹೊತ್ತಿಗೆ ನೀರು ಬರಬಹುದು ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದ. ಹೀಗಾಗಿ ಅವತ್ತು ವಠಾರದ ಪ್ರತಿಯೊಂದು ಕಿವಿಯೂ ಅಜ್ಜಿಯ ಕೂಗಿಗೆ ಕಾದು ಕೂತಿತ್ತು. ನೆಂಟರಿಗಾಗಿ ಅಪ್ಪ ಟ್ಯಾಂಕರಿನಿಂದ ಎರಡು ನೀಲಿ ಡ್ರಮ್ಮು ತುಂಬಿಸಿ ಹಿತ್ತಲ ಬಾಗಿಲ ಬಳಿ ಮುಚ್ಚಿಟ್ಟಿದ್ದ.

ರಘು, ಅವನ ತಂದೆ, ತಾಯಿ ಬಂದರು. ತಾಯಿ ನಾನು ಅಂದುಕೊಂಡಂಥ ರಾಕ್ಷಸಿ ಆಗಿರಲಿಲ್ಲ. ದುಂಡು ಮುಖದ, ತೆಳ್ಳನೆಯ ದನಿಯ ಹೆಂಗಸು. ಅತ್ತೆಯ ಕೈಯ ಖಾರದ ಅವಲಕ್ಕಿ ತಿಂದು ಇನ್ನೊಂದು ಚೂರು ಹಾಕಿಸಿಕೊಂಡರು. ಅತ್ತೆ ಒಂದು ‘ಹ’ವನ್ನೂ ಬಿಡದೆ ಮಾತಾಡುತ್ತಿದ್ದಳು. ಅಜ್ಜಿಯನ್ನು “ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ” ಎಂದು ಒಳಕೋಣೆಯಲ್ಲಿ ಮದುವೆಯ ಸೀರೆ ಉಡಿಸಿ ಕೂರಿಸಿದ್ದರು. ಎಲ್ಲವೂ ಗೆಲ್ಲುವ ಹಾಗಿತ್ತು. ಅಷ್ಟರಲ್ಲಿ ರಘುವಿನ ತಂದೆ ನನ್ನ ಕಡೆ ತಿರುಗಿ, “ಏನೋ ಮರಿ, ನೀನು ಮಿಮಿಕ್ರಿ ಮಾಡ್ತೀಯಂತೆ?” ಎಂದರು.

ಕಂಡಕ್ಟರನಿಂದ ಶುರುಮಾಡಿದೆ. “ಸಿಲ್ಕ್‌ಬೋರ್ಡ್, ಸಿಲ್ಕ್‌ಬೋರ್ಡ್... ಒಳಗ್ ಹೋಗಿ ಸಾರ್, ಒಳಗೆ ಛತ್ರದಷ್ಟ್ ಜಾಗ ಇದೆ!” ನಕ್ಕು ಚಪ್ಪಾಳೆ ತಟ್ಟಿದರು. ಅಪ್ಪನ ಇಂಗ್ಲಿಷಿಗೆ ಬಂದೆ. “ಯಾ ಯಾ ಸಾರ್, ವಾಟರ್ ಈಸ್ ಟ್ವೆಂಟಿಫೋರ್ ಅವರ್ಸ್ ಸಾರ್!” ಅಪ್ಪ ಹಲ್ಲು ಕಚ್ಚಿಕೊಂಡು ನಕ್ಕ. ರಘುವಿನ ತಾಯಿ ಕಣ್ಣೊರೆಸಿಕೊಂಡು, “ಅಯ್ಯೋ, ಇವನನ್ನೂ ನಮ್ಮನೆಗೆ ಕಳಿಸಿಬಿಡಿ” ಎಂದರು. ‘ಇವನನ್ನೂ’ ಎಂದರಲ್ಲ, ಆ ‘ಊ’ ಕೇಳಿ ಅತ್ತೆಯ ಮುಖ ಅರಳಿದ್ದು ನನಗೆ ಕಂಡಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಹಿತ್ತಲ ಬಾಗಿಲಿಗೆ ಓಡಿ, ಹೊಸ್ತಿಲ ಮೇಲೆ ನಿಂತು, ಅಂಗಿಯನ್ನು ಸೆರಗಿನ ಹಾಗೆ ಸೊಂಟಕ್ಕೆ ಸಿಕ್ಕಿಸಿ, ಪೂರಾ ಗಂಟಲಿನಲ್ಲಿ ಶುರುಮಾಡಿದೆ. ನೀರ್ ಬಂತ್ರೋ... ನೀರ್ ಬಂತು!

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡೂ ಸಾಲಿನ ಚಿಲಕಗಳು ಒಟ್ಟಿಗೆ ಸಿಡಿದವು. ಲುಂಗಿ ಕಟ್ಟಿಕೊಳ್ಳುತ್ತಾ, ಕೂದಲು ಗಂಟು ಹಾಕಿಕೊಳ್ಳುತ್ತಾ, ಪ್ಲಾಸ್ಟಿಕ್ ಬಿಂದಿಗೆಗಳನ್ನು ಢಬಢಬ ಬಡಿಸಿಕೊಂಡು ಇಡೀ ವಠಾರ ಹಿತ್ತಲಿಗೆ ನುಗ್ಗಿತು. “ಗುರು, ನಾನ್ ಮೊದ್ಲು, ಮೂರ್ ದಿವಸದಿಂದ ಸ್ನಾನ ಇಲ್ಲ ನಂಗೆ!” “ಹೋಗಲೇ, ನೀನು ನೀರಿದ್ದಾಗ್ಲೂ ಮಾಡಲ್ಲ!” ಬಿಜಾಪುರದ ಶಾಂತವ್ವ ಕಂಕುಳಲ್ಲಿ ಮಗುವನ್ನು ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದಳು. ನಲ್ಲಿ ಬಾಯಿ ತೆರೆದು ಸುಮ್ಮನಿತ್ತು. “ಯವ್ವಾ, ಇದೇನ್ರಿ ಇದು? ನಳದಾಗ ಹನಿ ಇಲ್ಲ! ಅಜ್ಜಿ ಕೂಗಿದ್ದು ನಾ ಕೇಳೇನಲ್ರಿ!” ಎಂದು ಹೊಸ್ತಿಲ ಕಡೆ ತಿರುಗಿದವಳ ಕಣ್ಣಿಗೆ ನನ್ನ ಹಿಂದೆ ಸೋಫಾದ ಮೇಲೆ ಕೂತ, ಅವಲಕ್ಕಿ ತಟ್ಟೆ ಹಿಡಿದ ಮೂವರು ನೆಂಟರು ಬಿದ್ದರು.

ಒಳಕೋಣೆಯ ಬಾಗಿಲು ತೆರೆಯಿತು. ಅಜ್ಜಿ ನನ್ನ ಕಿವಿ ಹಿಂಡುತ್ತಾಳೆ ಎಂದು ಎರಡೂ ಕಿವಿ ಮುಚ್ಚಿಕೊಂಡೆ. ಅವಳು ನನ್ನನ್ನು ನೋಡಲೇ ಇಲ್ಲ. ನೋಡಿದ್ದು ಬಿಂದಿಗೆಗಳನ್ನು. ಅಷ್ಟೂ ಖಾಲಿ ಬಾಯಿಗಳು ಅವಳ ಕಡೆ ತಿರುಗಿದ್ದವು. ಅವಳ ಲೆಕ್ಕದಲ್ಲಿ ಹೆಣ್ಣು ಕೇಳಲು ಬಂದ ದಿನ ತುಂಬಿದ ಬಿಂದಿಗೆ ಎದುರಾಗಬೇಕು. ಬಾಗಿಲಿಗೆ ಬಂದ ಖಾಲಿ ಬಿಂದಿಗೆ ಖಾಲಿಯಾಗಿಯೇ ಹಿಂದಿರುಗಿದರೆ, ಕೇಳಲು ಬಂದವರೂ ಹಾಗೆಯೇ ಹಿಂದಿರುಗುತ್ತಾರೆ. ಮಗಳ ಸಂಬಂಧ ಉಳಿಯಬೇಕೆಂದರೆ ಬಾಯಿಯ ಬೀಗ ಒಡೆಯಲೇಬೇಕಿತ್ತು. ಮದುವೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀಲಿ ಡ್ರಮ್ಮಿನ ಮುಚ್ಚಳ ತೆಗೆದಳು.

“ಅಮ್ಮಾ, ಅದು ಗೆಸ್ಟ್‌ಗೆ ಇಟ್ಟಿರೋದು!” ಎಂದು ಅಪ್ಪ ಪಿಸುಗುಟ್ಟಿದ.

“ಗೆಸ್ಟು ಏನ್ ಬಿಂದ್ಗೆ ತಂದವ್ರೇನ್ಲಾ? ಅವ್ರಿಗೆ ಒಂದೊಂದ್ ಲೋಟ ಸಾಲ್ದಾ? ಕರ್ದ್ ಮ್ಯಾಲೆ ಖಾಲಿ ಕಳಿಸ್ಬಾರ್ದು, ಅದ್ರಾಗೂ ಇವತ್ತು. ಏಯ್ ಬಿಜಾಪುರದೋಳೇ, ಇಡೇ ಬಿಂದ್ಗೆ. ರಾಯಚೂರು, ಇಂದಕ್ ನಿಂತ್ಕಳಲೋ, ಕತ್ತೆ!”

ಡ್ರಮ್ಮು ಅರ್ಧವಾದ ಮೇಲೆ ಚೆಂಬಿಗೆ ಸಿಗದಾಯಿತು. ಬಗ್ಗಿಸಬೇಕಿತ್ತು. ಒಳಗಿನಿಂದ ರಘು ಎದ್ದು ಬಂದ. ಯಾರೂ ಕರೆದಿರಲಿಲ್ಲ. ಪ್ಯಾಂಟು ಮಡಚಿ ಡ್ರಮ್ಮಿನ ಇನ್ನೊಂದು ಅಂಚು ಹಿಡಿದು ಬಗ್ಗಿಸಿದ. “ಮೆತ್ತುಗೆ ಕಣಪ್ಪಾ, ಚೆಲ್ಬೇಡ” ಎಂದಳು ಅಜ್ಜಿ, ಅವನು ಯಾರೆಂದು ನೋಡದೆ. ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ನೀರು. ಅವನು ನಗುತ್ತಿದ್ದ. ಅತ್ತೆ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಅವಳನ್ನು ಅಷ್ಟು ಸಂತೋಷವಾಗಿ ನಾನು ಮುಂಚೆ ನೋಡಿರಲಿಲ್ಲ.

ಅವನ ತಾಯಿಯೂ ಅದನ್ನೇ ನೋಡಿದರು. ಅವರ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಎದ್ದು ಬಂದು ಅತ್ತೆಯ ಭುಜದ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ, ಅದೇ ತೆಳ್ಳನೆಯ ದನಿಯಲ್ಲಿ ಹೇಳಿದರು. “ತಪ್ಪು ತಿಳ್ಕೋಬೇಡಮ್ಮ. ನಿನ್ನನ್ನ ನೋಡಿದ್ರೆ ಈ ಮನೆಯವಳು ಅಂತ ಅನ್ಸೋದೇ ಇಲ್ಲ. ನಿಮ್ಮಮ್ಮ ಮಾತ್ರ ತುಂಬಾ ಲೋಕಲ್. ಮದುವೆ ಆದ್ಮೇಲೆ ಇಲ್ಲಿಗೆ ಬಂದು ಹೋಗೋದು ಸ್ವಲ್ಪ ಕಮ್ಮಿ ಮಾಡ್ಕೊಂಡ್ರೆ ಆಯ್ತು. ನಮ್ಮನೇಲಿ ಯಾರೂ ಹೀಗೆ ಕೂಗೋದಿಲ್ಲ.”

ಅಂದರೆ ಒಪ್ಪಿದ್ದರು. ಅತ್ತೆ ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅವಳು ತಲೆಯಾಡಿಸಲಿಲ್ಲ, ಒಂದು ಮಾತು ಹೇಳಿದಳು. ಅದನ್ನು ಬರೆಯುವ ಮುಂಚೆ ಉಳಿದದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅದಾದ ಮೇಲೆ ನನಗೆ ಸೇರಿಸಲು ಏನೂ ಇರುವುದಿಲ್ಲ.

ಮದುವೆ ಆಗಲಿಲ್ಲ. ರಘು ಆಮೇಲೆ ಒಂದು ಸಲ ಬಂದು ಗೇಟಿನ ಹತ್ತಿರ ನಿಂತಿದ್ದ. ಅತ್ತೆ ಕಾಫಿ ಕೊಟ್ಟಳು, ಇಬ್ಬರೂ ಆಫೀಸಿನ ಮಾತಾಡಿದರು, ಅವನು ಲೋಟ ಜಗಲಿಯ ಮೇಲಿಟ್ಟು ಹೋದ. ಆ ಲೋಟವನ್ನು ಅತ್ತೆ ತುಂಬ ಹೊತ್ತು ತೊಳೆದಳು. ಅಪ್ಪ ಯುಗಾದಿಯ ತನಕ ಅವಳೊಡನೆ ಮಾತು ಬಿಟ್ಟ. ಅಜ್ಜಿ ಮಾತ್ರ ಎಲ್ಲ ತನ್ನಿಂದಲೇ ಆಯಿತೆಂದು ನಂಬಿದಳು. ಕೂಗಿದ್ದು ನಾನು ಅಜ್ಜಿ, ನೀನಲ್ಲ ಎಂದು ಅತ್ತುಕೊಂಡು ಹೇಳಿದಾಗ ನನ್ನ ತಲೆ ಸವರಿ, “ದನಿ ನಂದೇ ಅಲ್ವೇನ್ಲಾ, ಕೋತಿ” ಎಂದಳು. ಮುಂದಿನ ವರ್ಷ ಅಪ್ಪ ಮೇಲೊಂದು ಟ್ಯಾಂಕು ಇಡಿಸಿ ಪ್ರತಿ ರೂಮಿಗೂ ನಲ್ಲಿ ಎಳೆಸಿದ. ಅದು ಒಳ್ಳೆಯದೇ ಆಯಿತು, ಯಾರೂ ಬಿಂದಿಗೆ ಹೊರಬೇಕಾಗಲಿಲ್ಲ. ಅಜ್ಜಿ ಆದರೂ ಬೆಳಗಿನ ಜಾವಕ್ಕೆ ಏಳುತ್ತಿದ್ದಳು, ಕಲ್ಲಿನ ಮೇಲೆ ಕೂತು ಸಾಲಿನ ಬಾಗಿಲುಗಳನ್ನು ನೋಡುತ್ತಿದ್ದಳು. ಕರೆಯಲು ಯಾರೂ ಇಲ್ಲದ ಮೇಲೆ ಅವಳ ದನಿ ಸಣ್ಣದಾಗುತ್ತಾ ಬಂತು. ಕೊನೆಕೊನೆಗೆ ಪಕ್ಕದಲ್ಲಿ ಕೂತವರಿಗೂ, “ಏನಂದೆ ಅಜ್ಜಿ?” ಎಂದು ಕೇಳಬೇಕಾಗುತ್ತಿತ್ತು. ಅವಳು ಹೋದ ದಿನ ಎಷ್ಟೋ ಕಾಲದ ಹಿಂದೆ ರೂಮು ಬಿಟ್ಟಿದ್ದ ಶಾಂತವ್ವ, ಯಾರು ಹೇಳಿದರೋ, ಎತ್ತರಕ್ಕೆ ಬೆಳೆದ ಮಗನನ್ನು ಕರೆದುಕೊಂಡು ಬಂದಳು. ತನ್ನೂರಿನ ರೀತಿಯಲ್ಲಿ ಹಾಡಿಕೊಂಡು, ಎದೆ ಬಡಿದುಕೊಂಡು, ಬೀದಿಯೆಲ್ಲ ಕೇಳುವ ಹಾಗೆ ಅತ್ತಳು. ನಾವು ಮನೆಯವರು ಅಷ್ಟು ಹೊತ್ತಿಗೆ ಮೆಲ್ಲಗೆ ಅಳುವುದನ್ನು ಕಲಿತಿದ್ದೆವು.

ಆ ಜಾಗದಲ್ಲಿ ಈಗ ಐದಂತಸ್ತಿನ ಪಿ.ಜಿ. ಇದೆ. ಹೆಂಚಿನ ಮನೆಯಿಲ್ಲ, ಕೊಟ್ಟಿಗೆಯಿಲ್ಲ, ಕಲ್ಲು ಎಲ್ಲಿ ಹೋಯಿತೆಂದು ಅಪ್ಪನಿಗೂ ಗೊತ್ತಿಲ್ಲ. ಬೀದಿಯ ಮೂಲೆಯ ಮಶೀನಿನಲ್ಲಿ ಕಾರ್ಡು ಒತ್ತಿದರೆ ಶುದ್ಧ ನೀರು ಬರುತ್ತದೆ. ಯಾರ ಊರು ಯಾವುದೆಂದು ಅದು ಕೇಳುವುದಿಲ್ಲ. ‘ಲೋಕಲ್’ ಎಂಬ ಮಾತಿಗೂ ಈಗ ಬೆಲೆ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಯ ತಣ್ಣನೆಯ ಅಂಗಡಿಯಲ್ಲಿ ಸೊಪ್ಪಿನ ಕಟ್ಟಿನ ಮೇಲೆ ಅದನ್ನೇ ಅಚ್ಚು ಹಾಕಿ ದುಪ್ಪಟ್ಟು ಕೇಳುತ್ತಾರೆ. ಸೊಪ್ಪು ಕೊನೆಗೂ ಕೋಳಿಯ ಪಂಗಡಕ್ಕೆ ಸೇರಿತು. ಅತ್ತೆ ಅತ್ತಿಬೆಲೆಯಲ್ಲಿ ಪ್ರಾವಿಜನ್ ಸ್ಟೋರಿನವನನ್ನು ಮದುವೆಯಾಗಿ ಚೆನ್ನಾಗಿದ್ದಾಳೆ, ಮಕ್ಕಳನ್ನು ಮೂರನೆಯ ಮಹಡಿಯಿಂದ ಕೂಗಿ ಕರೆಯುತ್ತಾಳೆ. ನಾನು ಮೆಲುದನಿಯಲ್ಲಿ ಮಾತಾಡಿ ಸಂಬಳ ತೆಗೆದುಕೊಳ್ಳುತ್ತೇನೆ. ಫೋನು ಮಾಡಿದವರಿಗೆ ದಯವಿಟ್ಟು ಸ್ವಲ್ಪ ಕಾಯಿರಿ ಎನ್ನುವುದು ನನ್ನ ಕೆಲಸ. ಕಂಡಕ್ಟರು, ಮೇಷ್ಟ್ರು, ಅಪ್ಪ, ಎಲ್ಲರೂ ಇನ್ನೂ ನನ್ನ ಗಂಟಲಿನಲ್ಲಿದ್ದಾರೆ. ಅಜ್ಜಿ ಇಲ್ಲ. ಅವಳ ಅಷ್ಟೆತ್ತರದ ದನಿಗೆ ಹುಡುಗನ ಗಂಟಲೇ ಬೇಕಿತ್ತು. ಒಂದು ಬೇಸಿಗೆ ರಜೆಯಲ್ಲಿ ನನ್ನ ದನಿ ಒಡೆಯಿತು, ಅವಳು ಅಲ್ಲಿಂದಲೂ ಇಳಿದು ಹೋದಳು. ಯಾರೂ ಅದನ್ನು ರೆಕಾರ್ಡು ಮಾಡಿಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ಕೇಳುವುದನ್ನು ಯಾರು ಎತ್ತಿಡುತ್ತಾರೆ?

ಆ ಭಾನುವಾರಕ್ಕೆ ಬರುತ್ತೇನೆ. ಹಿತ್ತಲಲ್ಲಿ ಕೊನೆಯ ಬಿಂದಿಗೆ ತುಂಬುತ್ತಿತ್ತು. ರಘುವಿನ ತಾಯಿಯ ಕೈ ಇನ್ನೂ ಅತ್ತೆಯ ಭುಜದ ಮೇಲಿತ್ತು. ಅತ್ತೆ ಕಾಫಿಯ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಡ್ರಮ್ಮು ಹಿಡಿದು ನಿಂತಿದ್ದ ರಘುವನ್ನು ಒಂದು ಸಲ ನೋಡಿದಳು. ಆಮೇಲೆ, ಅಷ್ಟು ವರ್ಷ ಹೆಕ್ಕಿ ಹೆಕ್ಕಿ ಸೇರಿಸಿಕೊಂಡಿದ್ದ ‘ಹ’ಗಳನ್ನೆಲ್ಲ ಬಿಟ್ಟು, ಎರಡೂ ಸಾಲಿನವರು ತಿರುಗಿ ನೋಡುವ ಹಾಗೆ ಹೇಳಿದಳು:

“ಅಂಗಾರೆ ಈ ಸಂಬಂಧ ಬ್ಯಾಡ ಬಿಡಿ. ಕರ್ದು ಕೊಡೋರು ಕೂಗ್ಲೇಬೇಕು ಕಣಮ್ಮಾ. ಮುಚ್ಚಿಟ್ಕಳೋರು ಮೆಲ್ಲುಗ್ ಮಾತಾಡ್ತಾರೆ.”